ಮಂಗಳೂರು–ದುಬೈ: ಬರುವಾಗ ವಿಮಾನ ಮೆಲ್ಲ ಬರುತ್ತದಾ?

ಮಂಗಳೂರಿನಿಂದ ದುಬೈಗೆ ಎಷ್ಟು ದೂರ ಎಂದು ನಮ್ಮ ಶಾಲೆಯ ಮಕ್ಕಳನ್ನು ಕೇಳಿ ನೋಡಿ. ಕಿಲೋಮೀಟರಿನಲ್ಲಿ ಯಾರೂ ಉತ್ತರ ಕೊಡುವುದಿಲ್ಲ. "ನಾಲ್ಕು ಗಂಟೆ" ಎನ್ನುತ್ತಾರೆ. ಬೆಂಗಳೂರಿಗೆ ಎಷ್ಟು ದೂರ ಎಂದರೆ "ಒಂದು ರಾತ್ರಿ". ತಿರುವನಂತಪುರಕ್ಕೆ ಎಂದರೆ ಒಮ್ಮೆ ಒಬ್ಬರ ಮುಖ ಒಬ್ಬರು ನೋಡಿಕೊಂಡು "ತುಂಬಾ ದೂರ ಟೀಚರ್" ಎನ್ನುತ್ತಾರೆ. ಮೂರೂ ಉತ್ತರಗಳು ಸರಿಯೇ. ಆದರೆ ಭೂಗೋಳ ಕಲಿಸುವ ನಮಗೆ ಅಷ್ಟರಲ್ಲೇ ಬಿಡಲು ಮನಸ್ಸಾಗುವುದಿಲ್ಲ.

ನಾವು ಕಾಸರಗೋಡಿನವರು. ನಮ್ಮ ಮಕ್ಕಳ ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ, ಹೀಗೆ ಒಂದೊಂದು ಮನೆಯಲ್ಲಿ ಒಂದೊಂದು ಮಾತು. ಶಾಲೆಯಲ್ಲಿ ಎಲ್ಲರಿಗೂ ಕನ್ನಡ. ಆಫೀಸಿಗೆ ಹೋದರೆ ಅರ್ಜಿ ಮಲಯಾಳದಲ್ಲಿ. ತಿಂಗಳ ಕೊನೆಗೆ ಬರುವ ಹಣ ಎಷ್ಟೋ ಮನೆಗಳಲ್ಲಿ ದಿರ್ಹಮ್ಮಿನದು. ಹಾಗಾಗಿ ದುಬೈ, ಶಾರ್ಜಾ, ಅಬುಧಾಬಿ ಎಂಬುವು ನಮ್ಮ ಮಕ್ಕಳಿಗೆ ಪಾಠಪುಸ್ತಕದ ಹೆಸರುಗಳಲ್ಲ. ಮೈಸೂರು ನೋಡದ ಮಗುವಿಗೂ ದೇರಾ ಎಲ್ಲಿದೆ, ಸೋನಾಪುರ ಎಲ್ಲಿದೆ ಎಂದು ಗೊತ್ತು. ಹಿರಿಯರಂತೂ ಈಗಲೂ ಇಡೀ ಗಲ್ಫಿಗೆ 'ಪೇರ್ಷ್ಯ' ಎಂದೇ ಹೇಳುವುದು.

ಮೊದಲು ದೂರದ ಲೆಕ್ಕ ನೋಡೋಣ. ನಮ್ಮ ಶಾಲೆಯಲ್ಲಿ ಒಂದು ಗೋಳ ಉಂಟು. ಬಹಳ ಹಳೆಯದು, ಅದರಲ್ಲಿ ಇನ್ನೂ ಸೋವಿಯತ್ ಒಕ್ಕೂಟ ಬದುಕಿದೆ. ಸ್ಕ್ರೂ ಸಡಿಲವಾಗಿ ಭೂಮಿ ಇರಬೇಕಾದ್ದಕ್ಕಿಂತ ಹೆಚ್ಚು ವಾಲಿದೆ. ಆದರೆ ದೇಶಗಳು ಒಡೆದರೂ ಊರುಗಳ ನಡುವಿನ ದೂರ ಬದಲಾಗುವುದಿಲ್ಲವಷ್ಟೆ. ಗೋಳದ ವ್ಯಾಸ 30 ಸೆಂಟಿಮೀಟರ್. ಸುತ್ತಳತೆ ಸುಮಾರು 94 ಸೆಂ.ಮೀ. ನಿಜವಾದ ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ಗೋಳದ ಮೇಲಿನ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿ.ಮೀ. ಮಂಗಳೂರಿನ ಮೇಲೆ ನೂಲಿನ ಒಂದು ತುದಿ ಹಿಡಿದು ದುಬೈಗೆ ಬಿಗಿಯಾಗಿ ಎಳೆದರೆ 5.8 ಸೆಂ.ಮೀ. ಆಗುತ್ತದೆ. ಒಂದು ಹೆಬ್ಬೆರಳಿನಷ್ಟು. ಗುಣಿಸಿದರೆ 2,460 ಕಿಲೋಮೀಟರ್ ಹತ್ತಿರ ಬರುತ್ತದೆ.

ನೂಲು ಯಾಕೆ, ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟರೆ ಸಾಲದೇ ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಕಿತ್ತಳೆ ಸಿಪ್ಪೆಯನ್ನು ಹರಿಯದೆ ಮೇಜಿನ ಮೇಲೆ ಚಪ್ಪಟೆ ಮಾಡಿ ಹಾಸಲು ಆಗುತ್ತದೆಯೇ ಎಂದು ನಾವು ತಿರುಗಿ ಕೇಳುತ್ತೇವೆ. ದುಂಡಗಿನ ಭೂಮಿಯ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಎಂದರೆ ಮಹಾವೃತ್ತದ ತುಂಡು. ಬಿಗಿಯಾಗಿ ಎಳೆದ ನೂಲು ತಾನಾಗಿಯೇ ಅಲ್ಲಿ ಕೂರುತ್ತದೆ. ಮಂಗಳೂರು–ದುಬೈಯಂಥ ಸಣ್ಣ ದೂರದಲ್ಲಿ ನಕ್ಷೆಗೂ ನೂಲಿಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಬೆಂಗಳೂರಿನಿಂದ ಅಮೆರಿಕದ ಸಾನ್ ಫ್ರಾನ್ಸಿಸ್ಕೋಗೆ ನೂಲು ಎಳೆದಾಗ ಮಕ್ಕಳ ಬಾಯಿ ತೆರೆದೇ ಇರುತ್ತದೆ. ನೂಲು ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ನೆಟ್ಟಗೆ ಮೇಲಕ್ಕೆ ಹೋಗಿ ಉತ್ತರ ಧ್ರುವದ ಹತ್ತಿರದಿಂದ ಆಚೆಗೆ ಇಳಿಯುತ್ತದೆ. 33 ಸೆಂ.ಮೀ. ನೂಲು, ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟುಗಳೇ ಸೇರಿ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳ್ತನದಲ್ಲಿ, ಆ ದಾರಿಯಲ್ಲಿ ಸಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲೂ ಇಳಿಯದೆ ವಿಮಾನ ತಂದರು. ಆ ಸುದ್ದಿಯನ್ನು ನಾವು ಕತ್ತರಿಸಿ ಗೋಳದ ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ಹುಡುಗಿಯರು ಅದನ್ನು ಆಗಾಗ ಓದುವುದನ್ನು ನಾವು ಗಮನಿಸಿದ್ದೇವೆ, ಏನೂ ಹೇಳಿಲ್ಲ.

ಇನ್ನು ಸಮಯ. ದುಬೈಗೆ ಹೋಗುವ ಬೋಯಿಂಗ್ 737ನಂಥ ವಿಮಾನ ಮೇಲೇರಿದ ಮೇಲೆ ಗಂಟೆಗೆ ಸುಮಾರು 840 ಕಿ.ಮೀ. ವೇಗದಲ್ಲಿ ಓಡುತ್ತದೆ. 2,460ನ್ನು 840ರಿಂದ ಭಾಗಿಸಿದರೆ ಮೂರು ಗಂಟೆಗೂ ಒಂದಿಷ್ಟು ಕಡಿಮೆ ಬರಬೇಕು. ಟಿಕೇಟಿನಲ್ಲಿ ಮಾತ್ರ ಮೂರೂವರೆ, ಮೂರೂ ಮುಕ್ಕಾಲು ಎಂದಿರುತ್ತದೆ. ಉಳಿದ ಮುಕ್ಕಾಲು ಗಂಟೆ ಎಲ್ಲಿ ಹೋಯಿತು? ನಮ್ಮ ಕಾಸರಗೋಡು–ಮಂಗಳೂರು ಬಸ್ಸನ್ನು ನೆನೆದುಕೊಳ್ಳಿ. ಸ್ಟ್ಯಾಂಡಿನಿಂದ ಹೊರಬೀಳಲು ಒಂದಿಷ್ಟು, ಸ್ಟ್ಯಾಂಡಿನ ಒಳಗೆ ನುಗ್ಗಲು ಒಂದಿಷ್ಟು. ವಿಮಾನವೂ ಹಾಗೆಯೇ. ಗೇಟಿನಿಂದ ರನ್‌ವೇಗೆ ತೆವಳಬೇಕು, ಸರದಿ ಕಾಯಬೇಕು, ಮೇಲೇರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ಅಲ್ಲದೆ ಆಕಾಶದಲ್ಲೂ ಗೆರೆ ಹಾಕಿದ ದಾರಿಗಳಿವೆ. ಮಹಾವೃತ್ತದ ನೂಲಿನ ಮೇಲೆಯೇ ನಡೆಯಲು ಬಿಡುವುದಿಲ್ಲ. ಅರಬ್ಬಿ ಸಮುದ್ರ ದಾಟಿ, ಒಮಾನಿನ ಮೇಲಿನಿಂದ, ಅಲ್ಲಿನವರು ಹೇಳಿದ ತಿರುವಿನಲ್ಲಿ ತಿರುಗಿ ಹೋಗಬೇಕು.

ಇಷ್ಟನ್ನು ಕಲಿಸಿ ಮುಗಿಸಿದರೆ ಪಾಠ ಮುಗಿಯುತ್ತಿತ್ತು. ಆದರೆ ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯ ಒಬ್ಬಳು ಹುಡುಗಿ ತನ್ನ ಅಪ್ಪನ ಟಿಕೇಟಿನ ಪ್ರಿಂಟನ್ನು ಪುಸ್ತಕದ ಒಳಗಿಟ್ಟು ತಂದಳು. ಅಪ್ಪ ಎರಡು ವರ್ಷಕ್ಕೊಮ್ಮೆ ಬರುವವರು. ಈ ಸಲ ಬಂದು ನಲವತ್ತು ದಿನ ಇದ್ದು ಹೋಗಲಿಕ್ಕಿದ್ದರು. ಬರುವ ಟಿಕೇಟಿನಲ್ಲಿ ದುಬೈಯಿಂದ ಹೊರಡುವುದು ರಾತ್ರಿ 12.50, ಮಂಗಳೂರು ತಲಪುವುದು ಬೆಳಿಗ್ಗೆ 5.55. ಹೋಗುವ ಟಿಕೇಟಿನಲ್ಲಿ ಮಂಗಳೂರಿನಿಂದ ಬೆಳಿಗ್ಗೆ 9.30, ದುಬೈ 11.45. ಅವಳು ಕಳೆದು ನೋಡಿದ್ದಳು. ಬರುವುದಕ್ಕೆ ಐದು ಗಂಟೆ ಐದು ನಿಮಿಷ. ಹೋಗುವುದಕ್ಕೆ ಎರಡೂ ಕಾಲು ಗಂಟೆ.

"ಟೀಚರ್, ಬರುವಾಗ ವಿಮಾನ ಮೆಲ್ಲ ಬರುತ್ತದಾ?"

ತರಗತಿಯಲ್ಲಿ ಯಾರೂ ನಗಲಿಲ್ಲ. ನಗುವ ಪ್ರಶ್ನೆ ಅದಲ್ಲ ಎಂದು ಅಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಗೊತ್ತಿತ್ತು. ಅಪ್ಪ ಹೋಗುವಾಗ ಬೇಗ ಹೋಗಿಬಿಡುತ್ತಾರೆ, ಬರುವಾಗ ಮಾತ್ರ ತಡ. ಅವರ ಅನುಭವ ಅದೇ. ಈಗ ಟಿಕೇಟೂ ಅದನ್ನೇ ಹೇಳುತ್ತಿದೆ.

ನಾವು ಬೋರ್ಡಿನ ಮೇಲೆ ಎರಡು ಗಡಿಯಾರ ಬರೆದೆವು. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶವನ್ನು ನೋಡಿಕೊಂಡು. ಯು.ಎ.ಇ.ಯ ಗಡಿಯಾರ ನಡೆಯುವುದು 60 ಡಿಗ್ರಿಯನ್ನು ನೋಡಿಕೊಂಡು. ನಡುವೆ 22.5 ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ನಾಲ್ಕರಿಂದ ಗುಣಿಸಿದರೆ 90 ನಿಮಿಷ, ಅಂದರೆ ಒಂದೂವರೆ ಗಂಟೆ. ಅಲ್ಲಿ ಬೆಳಿಗ್ಗೆ 11.45 ಆಗುವಾಗ ಇಲ್ಲಿ ಮಧ್ಯಾಹ್ನ 1.15. ಹಾಗಾದರೆ ಹೋಗಲು ಹಿಡಿದದ್ದು ಮೂರೂ ಮುಕ್ಕಾಲು ಗಂಟೆ. ಬರುವಾಗ ಐದು ಗಂಟೆ ಐದು ನಿಮಿಷದಿಂದ ಒಂದೂವರೆ ಗಂಟೆ ಕಳೆಯಬೇಕು. ಉಳಿಯುವುದು ಮೂರು ಗಂಟೆ 35 ನಿಮಿಷ.

"ಹಾಗಾದರೆ ಬರುವಾಗಲೇ ಹತ್ತು ನಿಮಿಷ ಬೇಗ!" ಎಂದಳು. ಟಿಕೇಟನ್ನು ನಾಲ್ಕಾಗಿ ಮಡಚಿ ಮತ್ತೆ ಪುಸ್ತಕದಲ್ಲಿಟ್ಟುಕೊಂಡಳು.

ಆ ಹತ್ತು ನಿಮಿಷ ಎಲ್ಲಿಂದ ಬಂತು ಎಂದು ಮರುದಿನ ಮಾತಾಡಿದೆವು. ಅಷ್ಟರಲ್ಲಿ ಹಿಂದಿನ ಬೆಂಚಿನ ಒಬ್ಬ ಮಹಾಶಯ ತನ್ನದೇ ಸಿದ್ಧಾಂತ ಕಟ್ಟಿಕೊಂಡು ಬಂದಿದ್ದ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ ತಾನೆ? ವಿಮಾನ ಮಂಗಳೂರಿನಿಂದ ಮೇಲೆ ಹೋಗಿ ಸುಮ್ಮನೆ ನಿಂತರೆ ಸಾಕು, ದುಬೈ ತಾನಾಗಿ ಕೆಳಗೆ ಬರುತ್ತದೆ! ಪೆಟ್ರೋಲ್ ಯಾಕೆ ಖರ್ಚು? ನಮಗೆ ಬಹಳ ಸಂತೋಷವಾಯಿತು. ಲೆಕ್ಕ ಮಾಡಿಯೇ ನೋಡಿದೆವು. ಮಂಗಳೂರಿನ ವಿಮಾನ ನಿಲ್ದಾಣ ಸುಮಾರು 74.9 ಡಿಗ್ರಿ ರೇಖಾಂಶದಲ್ಲಿದೆ, ದುಬೈಯದು 55.4ರಲ್ಲಿ. ವ್ಯತ್ಯಾಸ 19.5 ಡಿಗ್ರಿ, ನಾಲ್ಕರಿಂದ ಗುಣಿಸಿದರೆ 78 ನಿಮಿಷ. ಒಂದು ಗಂಟೆ ಹದಿನೆಂಟು ನಿಮಿಷದಲ್ಲಿ ದುಬೈಯ ರೇಖಾಂಶ ಅವನ ಕಾಲಡಿಗೆ ಬರಬೇಕು. ಉತ್ತರಕ್ಕೆ ಒಂದಿಷ್ಟು ಸರಿಯುವ ಕೆಲಸ ಮಾತ್ರ ಬಾಕಿ. ಬಾರದಿರುವುದಕ್ಕೆ ಕಾರಣ ಗಾಳಿ. ಭೂಮಿಯ ಜತೆಗೆ ಅದರ ಮೇಲಿನ ವಾತಾವರಣವೂ ತಿರುಗುತ್ತದೆ, ಗಾಳಿಯಲ್ಲಿ ತೇಲುವ ವಿಮಾನವೂ ತಿರುಗುತ್ತದೆ. ಓಡುವ ಬಸ್ಸಿನೊಳಗೆ ನಿಂತಲ್ಲೇ ಹಾರಿದರೆ ನಾವು ಹಿಂದಿನ ಸೀಟಿಗೆ ಹೋಗಿ ಬೀಳುವುದಿಲ್ಲ. ಹುಡುಗ ಒಪ್ಪಿದ, ಆದರೆ ಪೂರ್ತಿ ಅಲ್ಲ. ಬಸ್ಸಿನಲ್ಲಿ ಹಾರಿ ನೋಡುತ್ತೇನೆ ಎಂದ.

ಈ 78 ನಿಮಿಷ ಮತ್ತು 90 ನಿಮಿಷದ ವ್ಯತ್ಯಾಸವೂ ಚೆನ್ನಾಗಿದೆ. ಮೊದಲನೆಯದು ಸೂರ್ಯನ ಲೆಕ್ಕ, ಎರಡನೆಯದು ಸರಕಾರಗಳ ಲೆಕ್ಕ. ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ಸರಾಸರಿ ಹನ್ನೆರಡೂವರೆಗೆ, ಹನ್ನೆರಡಕ್ಕಲ್ಲ. ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆದರೆ ಯಾರೂ ನೋಡಬಹುದು. ದುಬೈಯಲ್ಲಿ ಅವರ ಗಡಿಯಾರದ ಸುಮಾರು 12.18ಕ್ಕೆ. ರಂಜಾನಿನ ತಿಂಗಳಲ್ಲಿ ಈ ವಿಷಯ ನಮಗಿಂತ ಚೆನ್ನಾಗಿ ಮಕ್ಕಳಿಗೆ ಗೊತ್ತಿರುತ್ತದೆ. ಇಲ್ಲಿ ಉಪವಾಸ ಬಿಟ್ಟು ಎಷ್ಟೋ ಹೊತ್ತಾದ ಮೇಲೆ ಅಲ್ಲಿ ಅಪ್ಪ ಖರ್ಜೂರ ಬಾಯಿಗಿಡುವುದು ಎಂದು ಅವರು ಲೆಕ್ಕ ಹಾಕಿ ಫೋನಿನ ಮುಂದೆ ಕಾಯುತ್ತಾರೆ.

ಇನ್ನು ಗಾಳಿಗೆ ಬರೋಣ. ಚಳಿಗಾಲದಲ್ಲಿ ಅರೇಬಿಯಾದಿಂದ ಉತ್ತರ ಭಾರತದವರೆಗೆ, ಬಹಳ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಹೊಳೆ ಹರಿಯುತ್ತದೆ. ಜೆಟ್ ಪ್ರವಾಹ ಎನ್ನುತ್ತಾರೆ. ದುಬೈಯಿಂದ ಏಳುವ ವಿಮಾನದ ಬೆನ್ನಿಗೆ ಅದು ಕೈ ಕೊಡುತ್ತದೆ. ಹೋಗುವ ವಿಮಾನದ ಎದೆಗೆ ಅಡ್ಡ ಬರುತ್ತದೆ. ಹಾಗಾಗಿ ಊರಿಗೆ ಬರುವ ವಿಮಾನವೇ ಬೇಗ. ಮಳೆಗಾಲದಲ್ಲಿ ಕಥೆ ಬೇರೆ. ಜೂನಿನಿಂದ ಆಗಸ್ಟಿನವರೆಗೆ ದಕ್ಷಿಣ ಭಾರತದ ಮೇಲೆ, 12ರಿಂದ 15 ಕಿ.ಮೀ. ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಬೇರೊಂದು ಹೊಳೆ ಹರಿಯುತ್ತದೆ. 1958ರಲ್ಲಿ ಅದನ್ನು ಲೋಕಕ್ಕೆ ತಿಳಿಸಿಕೊಟ್ಟವರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಕೆಳಗೆ ನಮ್ಮ ತಲೆಗೆ ಮಳೆ ತರುವ ಗಾಳಿ ಸಮುದ್ರದಿಂದ ಇತ್ತ ಬೀಸುತ್ತಿರುತ್ತದೆ, ಅದರ ಮೇಲಂತಸ್ತಿನಲ್ಲಿ ಇನ್ನೊಂದು ಗಾಳಿ ಅತ್ತ ಹೋಗುತ್ತಿರುತ್ತದೆ. ಮೇಲಿನ ಗಾಳಿಯ ಬೀಸು ವಿಮಾನ ಹಾರುವ ಎತ್ತರಕ್ಕೂ ಒಂದಿಷ್ಟು ತಗಲುವುದರಿಂದ ಆ ದಿನಗಳಲ್ಲಿ ಬರುವವರ ಲಾಭ ಕರಗುತ್ತದೆ.

ಗಾಳಿ ನಂಬಿ ಈ ಸಮುದ್ರ ದಾಟುವುದು ಹೊಸದೇನಲ್ಲ. ಹಾಯಿ ಕಟ್ಟಿದ ಉರುಗಳ ಕಾಲದಲ್ಲಿ ಚಳಿಗಾಲದ ಈಶಾನ್ಯದ ಗಾಳಿಯಲ್ಲಿ ಇಲ್ಲಿಂದ ಅರಬ್ಬೀ ನಾಡಿಗೆ ಹೋಗುವುದು, ನೈಋತ್ಯ ಮಾರುತದ ಆರ್ಭಟ ಇಳಿಯುವ ಹೊತ್ತಿಗೆ ಅಲ್ಲಿಂದ ಇತ್ತ ಬರುವುದು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಮಂಗಳೂರಿನಲ್ಲೇ ಮನೆ ಮಾಡಿಕೊಂಡಿದ್ದ. ಏಡನ್ ಪಟ್ಟಣದ ಗೆಳೆಯರಿಗೂ ಅವನಿಗೂ ನಡೆದ ಪತ್ರವ್ಯವಹಾರ ಈಜಿಪ್ಟಿನ ಕೈರೋದ ಒಂದು ಹಳೆಯ ಯಹೂದಿ ಮಂದಿರದಲ್ಲಿ ಸಿಕ್ಕಿತು. ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಆಳಿನ ಹೆಸರು ಬೊಮ್ಮ. ಅಮಿತಾವ್ ಘೋಷ್ ಆ ಬೊಮ್ಮನ ಜಾಡು ಹಿಡಿದು ಒಂದು ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ. ಗಲ್ಫಿಗೆ ಹೋದ ನಮ್ಮೂರವರ ಪಟ್ಟಿ ಮಾಡುವುದಾದರೆ ಬೊಮ್ಮನ ಹೆಸರಿನಿಂದ ಆರಂಭಿಸಬೇಕು ಎಂದು ನಾವು ತರಗತಿಯಲ್ಲಿ ಹೇಳುವುದುಂಟು. ಏಡನ್ ಗಲ್ಫ್ ಅಲ್ಲ, ಯೆಮೆನಿನಲ್ಲಿದೆ ಎಂದು ಚುರುಕು ಮಕ್ಕಳು ತಿದ್ದುತ್ತಾರೆ. ತಿದ್ದಲಿ. ಆ ಕಾಲದಲ್ಲಿ ಇಲ್ಲಿಂದ ಪತ್ರ ಬರೆದರೆ ಉತ್ತರಕ್ಕೆ ಗಾಳಿ ತಿರುಗುವವರೆಗೆ ಕಾಯಬೇಕು.

ಅಷ್ಟು ಹಿಂದೆ ಹೋಗುವುದೇ ಬೇಡ. ನಮ್ಮ ಊರಿನಿಂದ ಮೊದಲು ಹೋದವರು ಮಂಗಳೂರಿನಿಂದ ಬಸ್ಸಿನಲ್ಲಿ ಹಗಲು ರಾತ್ರಿ ಕಳೆದು ಮುಂಬೈಗೆ ಹೋಗಿ, ಅಲ್ಲಿ ಏಜೆಂಟರ ಬಾಗಿಲಲ್ಲಿ ವಾರಗಟ್ಟಲೆ ಕಾದು, ಹಡಗಿನಲ್ಲಿ ಹೋದವರು. ಮುಂಬೈಯಿಂದ ಗಲ್ಫಿನ ಬಂದರುಗಳಿಗೆ ಹೋಗುತ್ತಿದ್ದ 'ದ್ವಾರಕಾ' ಎಂಬ ಹಡಗು 1982ರವರೆಗೂ ಓಡುತ್ತಿತ್ತು. ಆಮೇಲೆ ಮುಂಬೈಯಿಂದ, ಕಲ್ಲಿಕೋಟೆಯಿಂದ ವಿಮಾನ. ಹೆಂಡತಿಗೆ ಓದು ಬಾರದ ಮನೆಗಳಿಗೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಆ ಕ್ಯಾಸೆಟ್ ಕೇಳಲು ಟೇಪ್ ರೆಕಾರ್ಡರ್ ಇದ್ದ ನೆರೆಮನೆಗೆ ಹೋಗಬೇಕಾಗಿ, ಗಂಡನ ಮಾತನ್ನು ಊರೇ ಕೇಳುತ್ತಿತ್ತು ಎಂದು ನಮ್ಮ ಶಾಲೆಯ ಅಡುಗೆಯ ಹಿರಿಯಕ್ಕ ಈಗಲೂ ನಗುತ್ತಾರೆ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಆರಂಭಗೊಂಡ ಬಜ್ಪೆ ನಿಲ್ದಾಣದಿಂದ ನೇರ ದುಬೈ ವಿಮಾನ ಹೊರಡಲು 2006ರ ವರೆಗೆ ಕಾಯಬೇಕಾಯಿತು. ಕಣ್ಣೂರು ನಿಲ್ದಾಣ ತೆರೆದದ್ದು 2018ರ ಡಿಸೆಂಬರಿನಲ್ಲಿ.

ಟಿಕೇಟು ತಂದ ಹುಡುಗಿಗೆ ನಾವೊಂದು ಕೆಲಸ ಹೇಳಿದ್ದೆವು. ಅಪ್ಪ ಬಂದ ಮೇಲೆ, ಅಲ್ಲಿನ ಕೋಣೆಯ ಬಾಗಿಲಿನಿಂದ ಇಲ್ಲಿನ ಮನೆಯ ಬಾಗಿಲಿನವರೆಗೆ ಎಷ್ಟು ಹೊತ್ತು ಹಿಡಿಯಿತು ಕೇಳಿ ಬರೆ ಎಂದು. ಅವಳು ಎರಡು ಗಡಿಯಾರದಲ್ಲೂ ಬರೆದುಕೊಂಡು ಬಂದಳು. ಕೋಣೆಯಿಂದ ಹೊರಟದ್ದು ಅಲ್ಲಿನ ರಾತ್ರಿ 8, ಇಲ್ಲಿನ 9.30. ಜತೆಗಾರರ ವ್ಯಾನಿನಲ್ಲಿ ನಿಲ್ದಾಣಕ್ಕೆ. ಪೆಟ್ಟಿಗೆ ತೂಗಿದಾಗ ಎರಡು ಕೆ.ಜಿ. ಹೆಚ್ಚಾಗಿ ಹಾಲಿನಪುಡಿ ಡಬ್ಬಗಳನ್ನು ತೆಗೆದು ಕೊಟ್ಟದ್ದು ಅರ್ಧ ಗಂಟೆ (ಇದನ್ನು ಅವಳು ಬೇರೆಯೇ ಸಾಲಿನಲ್ಲಿ ಬರೆದಿದ್ದಳು). ಕಾದದ್ದು, ಹಾರಿದ್ದು, ಇಳಿದದ್ದು, ಸಾಲು ನಿಂತದ್ದು. ಹೊರಗೆ ಬಂದದ್ದು 7.15. ತಲಪಾಡಿ ದಾಟಿದ್ದು, ಹೊಸಂಗಡಿಯಲ್ಲಿ ಚಹಾ ಕುಡಿದದ್ದು. ಮನೆಗೆ 10. ಒಟ್ಟು ಹನ್ನೆರಡೂವರೆ ಗಂಟೆ. ಅದರಲ್ಲಿ ವಿಮಾನದ್ದು ಮೂರೂವರೆ. ಉಳಿದ ಒಂಬತ್ತು ಗಂಟೆಯೆಲ್ಲ ನೆಲದ ಮೇಲೆಯೇ!

ಹೋಲಿಸಿ ನೋಡಿ. ಕಾಸರಗೋಡಿನಿಂದ ನಮ್ಮ ರಾಜ್ಯದ ರಾಜಧಾನಿಗೆ ರೈಲಿನಲ್ಲಿ ಸುಮಾರು 580 ಕಿ.ಮೀ. 2023ರಲ್ಲಿ ಬಂದ ವಂದೇ ಭಾರತ್ ರೈಲಿನಲ್ಲೂ ಸುಮಾರು ಎಂಟು ಗಂಟೆ, ಬೇರೆ ರೈಲುಗಳಲ್ಲಿ ಇನ್ನೂ ಹೆಚ್ಚು. ದುಬೈ ವಿಮಾನ ಹೋಗಿ ತಿರುಗಿ ಬರುವಷ್ಟು ಹೊತ್ತು. ಕನ್ನಡ ಶಾಲೆಯ ಒಂದು ಫೈಲಿನ ವಿಷಯಕ್ಕೆ ಅಷ್ಟು ದೂರ ಹೋಗಿ, ಸಂಬಂಧಪಟ್ಟವರು ರಜೆ ಎಂದು ಕೇಳಿ ಹಿಂದೆ ಬಂದ ಶಿಕ್ಷಕ ಮಿತ್ರರಿಗೆ ಈ ಲೆಕ್ಕ ವಿವರಿಸಬೇಕಾಗಿಲ್ಲ.

ಈ ಪಾಠದಲ್ಲಿ ಒಂದು ಅಂಕೆಯನ್ನು ನಾವು ಬೋರ್ಡಿನ ಮೇಲೆ ಬರೆಯಲು ಬಹಳ ವರ್ಷ ಹಿಂದೆಮುಂದೆ ನೋಡಿದ್ದೇವೆ. ಮಂಗಳೂರು ರನ್‌ವೇಯ ಉದ್ದ 2,450 ಮೀಟರ್. ದುಬೈಗೆ ದೂರ ಹೆಚ್ಚು ಕಡಿಮೆ ಅದರ ಸಾವಿರ ಪಟ್ಟು. 2010ರ ಮೇ 22, ಶನಿವಾರ. ದುಬೈಯ ಗಡಿಯಾರದಲ್ಲಿ ರಾತ್ರಿ ಒಂದು ದಾಟಿ ಹೊರಟ ವಿಮಾನ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಆರು ದಾಟಿದಾಗ ಬಜ್ಪೆಯ ಗುಡ್ಡದ ಮೇಲೆ ಇಳಿಯಿತು. ಸುಮಾರು ಮೂರೂವರೆ ಗಂಟೆಯ ಹಾರಾಟ, ಎಂದಿನಷ್ಟೇ. ಆದರೆ ಚಕ್ರ ನೆಲ ಮುಟ್ಟಿದ್ದು ರನ್‌ವೇಯ ಸುಮಾರು 1,580 ಮೀಟರ್ ಕಳೆದ ಮೇಲೆ. ಉಳಿದಿದ್ದ ಜಾಗ ಸಾಲಲಿಲ್ಲ. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಹೋದರು, ಎಂಟು ಮಂದಿ ಉಳಿದರು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು ಎಂಬುದು ಆಮೇಲೆ ವಿಚಾರಣಾ ವರದಿಯಲ್ಲಿ ಬಂತು. ಸತ್ತವರಲ್ಲಿ ಅನೇಕರು ನಮ್ಮ ಕಾಸರಗೋಡು ಜಿಲ್ಲೆಯವರು. ಗುರುತು ಸಿಗದವರನ್ನು ಕೂಳೂರಿನ ಬಳಿ ಫಲ್ಗುಣಿ ನದಿಯ ದಡದಲ್ಲಿ ಮಣ್ಣು ಮಾಡಿದ ಜಾಗದಲ್ಲಿ ಈಗ ಸ್ಮಾರಕ ಉಂಟು.

ಅದು ಬೇಸಗೆ ರಜೆಯ ಸಮಯ. ಜೂನಿನಲ್ಲಿ ಶಾಲೆ ತೆರೆದಾಗ ನಾವು ಸುತ್ತಲಿನ ಕನ್ನಡ ಶಾಲೆಗಳ ಶಿಕ್ಷಕರು ಸೇರಿ ಮಾತಾಡಿಕೊಂಡೆವು. ಆ ವರ್ಷ ಹಾಜರಿ ಕರೆಯುವಾಗ ಅಪ್ಪನ ಹೆಸರು, ಅಪ್ಪನ ಕೆಲಸ ಕೇಳಿ ಬರೆದುಕೊಳ್ಳುವ ಕಾಲಂ ಇತ್ತಲ್ಲ, ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಕೇಳುವುದು ಬೇಡ, ಮನೆಗೆ ಹೋಗಿ ತಿಳಿದುಕೊಂಡು ಬರೆಯೋಣ ಎಂದು. ಈಗಲೂ ಹಾಗೆಯೇ ಮಾಡುತ್ತೇವೆ. ಆ ವರ್ಷ ರೇಖಾಂಶದ ಪಾಠಕ್ಕೆ ನಾವು ದುಬೈಯನ್ನು ತೆಗೆದುಕೊಳ್ಳಲಿಲ್ಲ. ಟೋಕಿಯೋ, ಲಂಡನ್ ತೆಗೆದುಕೊಂಡೆವು. ಮಕ್ಕಳಿಗೆ ಯಾಕೆ ಎಂದು ಗೊತ್ತಿತ್ತು, ಅವರೂ ಕೇಳಲಿಲ್ಲ.

2020ರ ಮಾರ್ಚಿನಲ್ಲಿ ಲೆಕ್ಕ ಇನ್ನೊಂದು ರೀತಿ ಕೆಟ್ಟಿತು. ಕೊರೋನದ ದೆಸೆಯಿಂದ 22ನೇ ತಾರೀಕಿನಿಂದ ವಿದೇಶದ ವಿಮಾನಗಳು ನಿಂತವು. ಅದೇ ದಿನಗಳಲ್ಲಿ ತಲಪಾಡಿಯ ರಸ್ತೆಯೂ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ನಮ್ಮ ಕಡೆಯವರಿಗೆ ಆಸ್ಪತ್ರೆ ಎಂದರೆ ಮೊದಲಿಂದಲೂ ಮಂಗಳೂರು. ಅಲ್ಲಿಗೆ ಹೋಗಲಾಗದೆ ಜೀವ ಬಿಟ್ಟವರೂ ಇದ್ದಾರೆ. ಐವತ್ತು ಕಿಲೋಮೀಟರ್ ದೂರದ ಮಂಗಳೂರೂ, ಎರಡೂವರೆ ಸಾವಿರ ಕಿಲೋಮೀಟರ್ ದೂರದ ದುಬೈಯೂ ಆ ವಾರಗಳಲ್ಲಿ ನಮಗೆ ಒಂದೇ ದೂರ. ಮೇ 7ರಂದು ದುಬೈಯಿಂದ ಕಲ್ಲಿಕೋಟೆಗೆ ಮೊದಲ ವಿಮಾನ ಬಂತು, 12ರಂದು ಮಂಗಳೂರಿಗೆ. ಟಿ.ವಿ.ಯಲ್ಲಿ ಅದನ್ನು ನೋಡಿದ ನಮ್ಮ ಒಬ್ಬ ವಿದ್ಯಾರ್ಥಿ ವಾಟ್ಸಾಪಿನಲ್ಲಿ ನಮಗೆ ಬರೆದದ್ದು ಇಷ್ಟೇ: "ಟೀಚರ್, ಇವತ್ತು ಗಾಳಿ ಹೇಗಿತ್ತೋ."

ಇದಲ್ಲದೆ ಇನ್ನೂ ಒಂದು ಅಳತೆಗೋಲು ಉಂಟು, ಟಿಕೇಟಿನ ದರ. ಕಿಲೋಮೀಟರ್ ಬದಲಾಗುವುದಿಲ್ಲ, ಆದರೆ ಓಣಂ, ಪೆರ್ನಾಲ್ ಮತ್ತು ಅಲ್ಲಿನ ಶಾಲೆಗಳಿಗೆ ರಜೆ ಸಿಗುವ ಜುಲೈ–ಆಗಸ್ಟ್ ಹತ್ತಿರ ಬಂದಂತೆ ಊರು ದೂರವಾಗುತ್ತಾ ಹೋಗುತ್ತದೆ. ಹಾಗಾಗಿ ನಮ್ಮ ಮಕ್ಕಳ ಅಪ್ಪಂದಿರು ಹಬ್ಬಕ್ಕೆ ಬರುವುದು ಕಡಿಮೆ. ಹಬ್ಬ ಮುಗಿದು, ಅರ್ಧವಾರ್ಷಿಕ ಪರೀಕ್ಷೆಗೋ ಯಾವುದೋ ಮಳೆಯ ನಡುವಿನ ವಾರಕ್ಕೋ ಬರುತ್ತಾರೆ. "ಅಪ್ಪ ಬಂದಿದ್ದಾರೆ" ಎಂದು ಬರೆದ ರಜಾ ಅರ್ಜಿಗೆ ನಾವು ಮರುಮಾತಾಡದೆ ಸಹಿ ಹಾಕುತ್ತೇವೆ. ಹಾಜರಿ ಶೇಕಡಾ ಎಷ್ಟು ಎಂದು ಮೇಲಿನವರು ಕೇಳಿದರೆ ಕೇಳಲಿ. ಮನೆಗೆ ಬಂದ ಅಪ್ಪನನ್ನು ಅಂಗಳದಲ್ಲಿ ಬಿಟ್ಟು ಬಂದು ನಮ್ಮ ಎದುರು ಕುಳಿತ ಮಗುವಿನ ತಲೆಗೆ ಯಾವ ಪಾಠ ಹೋದೀತು?

ಈಗ ಪ್ರತಿವರ್ಷ ರೇಖಾಂಶದ ಪಾಠ ಮುಗಿದ ಮೇಲೆ ನಾವು ಮಕ್ಕಳಿಂದಲೇ ಪ್ರಶ್ನೆ ಬರೆಸುತ್ತೇವೆ. ಚೆನ್ನಾಗಿರುವುದನ್ನು ಒಂದು ನೋಟ್‌ಬುಕ್ಕಿಗೆ ಏರಿಸಿ ಮುಂದಿನ ತರಗತಿಗೆ ಕೊಡುವುದು. ಹೆಚ್ಚಿನವು ಟೋಕಿಯೋದಲ್ಲಿ ಇಷ್ಟು ಗಂಟೆಯಾದರೆ ನ್ಯೂಯಾರ್ಕಿನಲ್ಲಿ ಎಷ್ಟು ಎಂಬ ಜಾತಿಯವು. ಈ ವರ್ಷ ಆರನೆಯ ತರಗತಿಯಿಂದ ಹೊಸದಾಗಿ ಬಂದ ಒಬ್ಬ ಸಣ್ಣ ಹುಡುಗ, ಮಾತು ಕಡಿಮೆ, ಹೀಗೆ ಬರೆದುಕೊಟ್ಟ:

'ಅಪ್ಪ ದುಬೈಯಲ್ಲಿ ರಾತ್ರಿ 9.45ಕ್ಕೆ ಕೆಲಸ ಮುಗಿಸಿ, 45 ನಿಮಿಷ ಬಸ್ಸಿನಲ್ಲಿ ಬಂದು, ಮತ್ತೆ ಫೋನ್ ಮಾಡುತ್ತಾರೆ. ಆಗ ಇಲ್ಲಿ ಗಂಟೆ ಎಷ್ಟು? ನಾನು ಎಚ್ಚರ ಇರುತ್ತೇನಾ?'

ಮೊದಲನೆಯ ಪ್ರಶ್ನೆಗೆ ಎಲ್ಲರೂ ಉತ್ತರಿಸಿದರು. ರಾತ್ರಿ ಹನ್ನೆರಡು. ಎರಡನೆಯದು ಸಮಾಜ ವಿಜ್ಞಾನದ ಪ್ರಶ್ನೆಯೇ ಅಲ್ಲ, ತೆಗೆಯಬೇಕು ಎಂದು ಮುಂದಿನ ಬೆಂಚಿನವರು ವಾದಿಸಿದರು. ಇರಬೇಕು ಎಂದು ಹಿಂದಿನ ಬೆಂಚಿನವರು. ಬೆಲ್ ಹೊಡೆಯುವವರೆಗೂ ವಾದ ನಡೆಯಿತು. ಕೊನೆಗೆ ಎರಡನ್ನೂ ಸೇರಿಸಿಯೇ ನೋಟ್‌ಬುಕ್ಕಿಗೆ ಏರಿಸಿದ್ದೇವೆ, ಎರಡಕ್ಕೂ ಒಂದೊಂದು ಅಂಕ.